ಬಾವಲಿ ಕಚ್ಚುವಲ್ಲಿಂದ ಶುರು ಮಾಡಿ

ನಮಸ್ಕಾರ. ಹುಡುಗನೊಬ್ಬ ಕಿವಾ ಅನ್ನುವ ಮುಖವಾಡದ ಹೀರೋ ಆಗಿ ಬದಲಾಗುವ ಜಪಾನಿನ ‘ಕಾಮೆನ್ ರೈಡರ್ ಕಿವಾ’ ಸೀರಿಯಲ್ಲಿನ ಮೊದಲ ಕಂತಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಿರುವ ಮನಸ್ಸೂ ಇಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಪೂರ್ತಿ ಡ್ರಾಕುಲಾ, ಹಳೇ ಕೋಟೆ, ಬೆಳ್ಳುಳ್ಳಿ, ಶಿಲುಬೆ. ಇದೆಲ್ಲ ಓದುಗರಿಗೆ ಗೊತ್ತಿರುವುದೇ. ಗೊತ್ತಿಲ್ಲದವನು ವಟಾರು ಕುರೆನಾಯ್. ಪಿಟೀಲು ಮಾಡುವ ಹುಡುಗ, ಈ ಲೋಕವೇ ತನಗೆ ಅಲರ್ಜಿ ಅಂತ ನಂಬಿ ಮಾಸ್ಕು, ಗಾಗಲ್ ಹಾಕಿಕೊಂಡು ಓಡಾಡುವವನು, ಬಾಯಿಬಿಟ್ಟು ಮಾತಾಡುವ ಬದಲು ಬರೆದು ತೋರಿಸುವವನು, ಪಿಟೀಲಿಗೆ ಬಳಿಯುವ ವಾರ್ನಿಷ್‌ಗೆ ಬೇಕು ಅಂತ ಮೀನಿನ ಮೂಳೆ ಆರಿಸುವವನು! ಇಂಥವನನ್ನು ನೀವು ‘ನಾಚಿಕೆ ಸ್ವಭಾವದ ನಾಯಕ’ ಅಂತ ಮೂರೇ ಪದದಲ್ಲಿ ಮುಗಿಸಿದ್ದೀರಿ. ನಿಜಕ್ಕೂ ಬೇಜಾರಾಯಿತು.

ಒಂದು ತಪ್ಪೂ ಇದೆ. ಫ್ಯಾಂಗೈರ್‌ಗಳು, ಅಂದರೆ ಕಿವಾ ಎದುರಿಸುವ ರಕ್ಕಸ ಜಾತಿ, ರಕ್ತ ಹೀರುತ್ತವೆ ಎಂದು ಬರೆದಿದ್ದೀರಿ. ಅವು ಹೀರುವುದು ಜೀವಶಕ್ತಿಯನ್ನು. ಗಾಳಿಯಲ್ಲಿ ಎರಡು ಕೋರೆಹಲ್ಲು ಮೂಡಿ ಬಂದು ಮನುಷ್ಯನಿಗೆ ಚುಚ್ಚುತ್ತವೆ, ಅವನು ಬಣ್ಣ ಕಳೆದುಕೊಂಡು ಗಾಜಿನ ಹಾಗಾಗಿಬಿಡುತ್ತಾನೆ. ಫ್ಯಾಂಗೈರ್ ಸತ್ತರೂ ಅಷ್ಟೇ, ಚರ್ಚಿನ ಕಿಟಕಿಯ ಬಣ್ಣದ ಗಾಜಿನಂತೆ ಒಡೆದು ಚೂರಾಗುತ್ತದೆ. ಇದು ಭಾನುವಾರ ಬೆಳಿಗ್ಗೆ 8 ಗಂಟೆಗೆ ಮಕ್ಕಳು ನೋಡುತ್ತಿದ್ದ ಕಾರ್ಯಕ್ರಮ. ರಕ್ತ ತೋರಿಸದೆಯೇ ಹೆದರಿಸುವ ಈ ದಾರಿಯ ಬಗ್ಗೆ ಒಂದು ಪುಟ ಬರೆಯಬಹುದಿತ್ತು, ಅಲ್ವಾ?

ನಿಮ್ಮ ಲೇಖನದ ಜೀವ ಇರುವುದು ಏಳನೇ ಪುಟದಲ್ಲಿ. ‘ಕಿವಾಟ್ ಕಚ್ಚುತ್ತದೆ, ವಟಾರು ಕಿವಾ ಆಗುತ್ತಾನೆ’ ಎಂದು ಬರೆದು ಮುಂದೆ ಓಡಿದ್ದೀರಿ. ನಿಲ್ಲಿ ಅಲ್ಲೇ. ಕಚ್ಚಿಸಿಕೊಳ್ಳುವವನು ಹೀರೋ! ಕಿವಾಟ್ ಅನ್ನುವ ಪುಟ್ಟ ಬಾವಲಿ ‘ಗಬು’ ಅಂತ ಅವನ ಕೈಗೆ ಬಾಯಿ ಹಾಕುತ್ತದೆ. ಜಪಾನಿಯಲ್ಲಿ ಅದು ಕಚ್ಚುವ ಸದ್ದು, ನಮ್ಮ ‘ಗಬಕ್ಕನೆ’ಗೆ ಎಷ್ಟು ಹತ್ತಿರ ನೋಡಿ. ಆಮೇಲೆ ಬಣ್ಣದ ಗಾಜಿನ ಗುರುತುಗಳು ಅವನ ಮುಖದ ತನಕ ಹಬ್ಬುತ್ತವೆ. ವಟಾರು ಅರ್ಧ ಫ್ಯಾಂಗೈರ್ ಅನ್ನುವುದು ಮುಂದೆ ತಿಳಿಯುವ ವಿಷಯ, ಆದರೆ ಸುಳಿವು ಇಲ್ಲೇ ಇದೆ. ಹಳೆಯದನ್ನೂ ಪಕ್ಕದಲ್ಲಿಟ್ಟು ನೋಡಿ: ಮೊದಲ ‘ಕಾಮೆನ್ ರೈಡರ್’ನ ಎರಡನೇ ಕಂತು, 1971ರ ಏಪ್ರಿಲ್ 10ರದ್ದು. ಅಲ್ಲಿ ಬಾವಲಿ ಮನುಷ್ಯ ಖಳ, ಅವನು ಕಚ್ಚಿದವರೆಲ್ಲ ಅವನ ಮಾತು ಕೇಳುವ ಗುಲಾಮರು. 2008ರ ‘ಕಿವಾ’ದಲ್ಲಿ ಅದೇ ಬಾವಲಿ ಹೀರೋನ ಗೆಳೆಯ. ಬರೆಯೋಕೆ ಇದಕ್ಕಿಂತ ಒಳ್ಳೆಯ ವಿಷಯ ನನಗಂತೂ ಕಾಣಲಿಲ್ಲ.

1986 ಮತ್ತು 2008ರ ನಡುವೆ ಕಥೆ ಹಾರುವಾಗ ಇಸವಿ ಹೇಳಿ ಸಾಕು. 1986ರ ಅಪ್ಪ ಒಟೊಯಾ ಯಾರು, 2008ರ ಮಗ ವಟಾರು ಯಾರು ಅಂತ ನನಗೇ ಗೊಂದಲವಾಯಿತು. ಹೊಡೆದಾಟದ ವಿವರ ಜಾಸ್ತಿಯಾಗಿದೆ, ಅರ್ಧ ತೆಗೆಯಿರಿ.

ಇನ್ನೊಂದು. ಕಂಸದೊಳಗೆ, ಕೊನೆಯಲ್ಲಿ, ಈ ಕಂತು ನೋಡುವಾಗ ನಿಮ್ಮ ತಮ್ಮ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ ಎಂದು ಬರೆದಿದ್ದೀರಿ. ಅದನ್ನು ಕಂಸದಿಂದ ತೆಗೆದು ಮೊದಲ ಸಾಲಿಗೆ ತನ್ನಿ. 800 ಪದದೊಳಗೆ ಮುಗಿಸಿ ನನಗೇ ನೇರವಾಗಿ ಕಳಿಸಿ, ಬಂದ ದಿನವೇ ಓದುತ್ತೇನೆ.