ಹೆಂಚು ತೆಗೆದು ಶೀಟ್ ಹಾಕುವ ಮುಂಚೆ ಪಕ್ಕಾಸುಗಳನ್ನು ಗೋಡೆಗೆ ಕಟ್ಟಿ

ಮಂಗಳೂರಿನ ಹಳೇ ಮನೆಯ ಹೆಂಚು ತೆಗೆದು ಮಾಡನ್ನು ಹೊರುವ ಅದೇ ಇಳಿಜಾರು ಮರಗಳ, ಅಂದರೆ ಪಕ್ಕಾಸುಗಳ ಮೇಲೆ ಶೀಟ್ ಹಾಕಿದರೆ ಗಾಳಿಗೆ ನಿಲ್ಲುತ್ತಾ ಅಂತ ಕೇಳಿದ್ದೀರಿ. ಈಗಿರುವ ಹಾಗೆಯೇ ಬಿಟ್ಟರೆ ನಿಲ್ಲುವ ಭರವಸೆ ಇಲ್ಲ, ದಯವಿಟ್ಟು ಅವಸರ ಮಾಡಬೇಡಿ.

ಹೆಂಚಿನ ಮಾಡನ್ನು ಇಷ್ಟು ವರ್ಷ ಹಿಡಿದಿಟ್ಟಿದ್ದು ಅದರ ಭಾರ: ಚದರ ಮೀಟರಿಗೆ ಸುಮಾರು 40 ಕಿಲೋ. ತಗಡಿನ ಶೀಟ್ 5 ಕಿಲೋ ಇದ್ದರೆ ಹೆಚ್ಚು. ಕಟ್ಟಡಗಳ ಗಾಳಿಭಾರದ ಭಾರತೀಯ ಮಾನಕವಾದ ಐಎಸ್ 875ರ 3ನೇ ಭಾಗದಲ್ಲಿ ಮಂಗಳೂರಿಗೆ ಲೆಕ್ಕಕ್ಕೆ ಹಿಡಿಯುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ಆ ವೇಗದ ಒತ್ತಡವೇ ಚದರ ಮೀಟರಿಗೆ 90 ಕಿಲೋ ದಾಟುತ್ತದೆ. ಸೂರಿನ ಅಂಚು, ಮೂಲೆಗಳಲ್ಲಿ ಮೇಲಕ್ಕೆ ಎಳೆತ ಇನ್ನೂ ಜಾಸ್ತಿ. ತೆರೆದ ಚಾವಡಿಯಲ್ಲಂತೂ ಗಾಳಿ ಕೆಳಗಿನಿಂದಲೂ ನೂಕುತ್ತದೆ.

ಗೋಡೆಯ ತಲೆಯ ಮೇಲೆ ಉದ್ದಕ್ಕೆ ಮಲಗಿಸಿದ ಮರದ ಮೇಲೆ ಪಕ್ಕಾಸು ಕೂರುವ ಜಾಗ ನೋಡಿ. ಓರೆಯಾಗಿ ಹೊಡೆದ ಒಂದೆರಡು ಮೊಳೆ, ಸುತ್ತ ತುಕ್ಕಿನ ಕಪ್ಪು ಕಲೆ. ಎಳೆದರೆ ಮೊಳೆ ಸಲೀಸಾಗಿ ಕಿತ್ತು ಬರುತ್ತದೆ. ಪ್ರತಿ ಪಕ್ಕಾಸಿನ ಮೇಲೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪಟ್ಟಿ ಸುತ್ತಿ, ಎರಡೂ ಬದಿಯಿಂದ ಅಡ್ಡಕ್ಕೆ ಮೊಳೆ ಹೊಡೆಸಿ. ಗೋಡೆಯ ಮೇಲಿನ ಆ ಮರವನ್ನೂ ಕಬ್ಬಿಣದ ಸರಳಿನಿಂದ ಕೆಳಗಿನ ಕೆಂಪುಕಲ್ಲಿನ ವರಸೆಗಳಿಗೆ ಬಿಗಿಸಬೇಕು, ಇದನ್ನೇ ಎಲ್ಲರೂ ಬಿಡುವುದು. ಸರಳಿನ ಉದ್ದವನ್ನು ಎಂಜಿನಿಯರ್ ಹತ್ತಿರ ಲೆಕ್ಕ ಹಾಕಿಸಿ. ಸೂರಿನ ಅಂಚಿನಲ್ಲಿ ಶೀಟಿನ ಸ್ಕ್ರೂ ಒತ್ತೊತ್ತಾಗಿರಲಿ.