ಬರೀ ಚಿಕೋರಿಗೆ ಫಿಲ್ಟರ್ ಬೇಡ, ಪಾತ್ರೆ ಸಾಕು

ಕೆಫೀನ್ ಬಿಡಬೇಕು, ಆದರೆ ಸಂಜೆ ಹಾಲು ಹಾಕಿದ ಕೋಲ್ಡ್ ಕಾಫಿ ಥರದ್ದೇ ಏನಾದರೂ ಬೇಕು, ಬರೀ ಚಿಕೋರಿ (ಕಾಫಿಪುಡಿಗೆ ಬೆರೆಸುವ, ಹುರಿದ ಬೇರಿನ ಪುಡಿ) ತಂದರೆ ಫಿಲ್ಟರ್‌ನಲ್ಲಿ ಇಳಿಯುತ್ತಲೇ ಇಲ್ಲ ಅಂತ ಕೇಳಿದ್ದೀರಿ.

ಇಳಿಯೋದಿಲ್ಲ ಬಿಡಿ. ನಾನೂ ರಾತ್ರಿ ಹಾಕಿಟ್ಟು ಮಲಗಿದ್ದೆ. ಬೆಳಗ್ಗೆ ನೋಡಿದರೆ ಮೇಲೆ ನೀರು ಹಾಗೇ ನಿಂತಿತ್ತು, ಕೆಳಗೆ ನಾಲ್ಕು ಹನಿ. ಚಿಕೋರಿ ನೀರು ಕುಡಿದು ಅಂಟಿನ ಹಾಗೆ ಕೂತುಬಿಡುತ್ತದೆ. ಕಾಫಿಪುಡಿಯ ಜೊತೆ ಸ್ವಲ್ಪ ಇದ್ದರೆ ಡಿಕಾಕ್ಷನ್ ನಿಧಾನವಾಗಿ, ಗಟ್ಟಿಯಾಗಿ ಇಳಿಯುತ್ತದೆ. ಅದೊಂದೇ ಇದ್ದರೆ ತೂತೇ ಮುಚ್ಚಿಹೋಗುತ್ತದೆ.

ಅದಕ್ಕೇ ಕುದಿಸಿ. ಒಂದು ಲೋಟ ನೀರಿಗೆ 2 ಟೀ ಚಮಚ ಪುಡಿ, ಸಣ್ಣ ಉರಿಯಲ್ಲಿ 3–4 ನಿಮಿಷ. ಮುಚ್ಚಿಟ್ಟು, ಪುಡಿ ತಳಕ್ಕೆ ಇಳಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ. ಟೀ ಜಾಲರಿ ಸಾಲದು, ಕೊನೆಯ ಗುಟುಕು ಕೆಸರಾಗುತ್ತದೆ. ಸಕ್ಕರೆ ಬಿಸಿ ಇದ್ದಾಗಲೇ ಕರಗಿಸಿ. ಪುಡಿ ಜಾಸ್ತಿ ಹಾಕುವ ಆಸೆ ಬೇಡ, ಕಷಾಯದಂತೆ ಕಹಿಯಾಗುತ್ತದೆ.

ತಣ್ಣಗಾದ ಮೇಲೆ ಅರ್ಧ ಡಿಕಾಕ್ಷನ್ ಐಸ್ ಟ್ರೇಗೆ ಹುಯ್ದುಬಿಡಿ. ಗುಟ್ಟು ಇರೋದು ಇಲ್ಲೇ. ಮುಂಬೈ ಪಕ್ಕದ ನಮ್ಮ ಡೊಂಬಿವಲಿಯ ಅಕ್ಟೋಬರ್ ಸೆಖೆಯಲ್ಲಿ ನೀರಿನ ಐಸ್ ಹಾಕಿದರೆ ಐದು ನಿಮಿಷಕ್ಕೆ ಲೋಟದಲ್ಲಿ ಉಳಿಯೋದು ಹಾಲು ತೊಳೆದ ನೀರು. ಈ ಐಸ್ ಕರಗಿದಷ್ಟೂ ರುಚಿ ಏರುತ್ತದೆ. ಒಂದು ಪಾಲು ಡಿಕಾಕ್ಷನ್‌ಗೆ ಎರಡು ಪಾಲು ಹಾಲು. ಹಾಲು ಕಾಯಿಸಿ, ಫ್ರಿಜ್‌ನಲ್ಲಿಟ್ಟು, ಕೆನೆ ತೆಗೆದದ್ದು. ಇಲ್ಲದಿದ್ದರೆ ಬಾಯಿಗೆ ಕೆನೆಯ ಚೂರು ಸಿಗುತ್ತದೆ, ನನಗಂತೂ ಆಗೋದಿಲ್ಲ.

ಕೊಳ್ಳುವಾಗ ಹುಷಾರು. ಮುಂಬೈನ ಮಾಟುಂಗಾದ ಕಾಫಿಪುಡಿ ಅಂಗಡಿಗೆ ಹೋಗಿ ‘ಚಿಕೋರಿ ಜಾಸ್ತಿ ಹಾಕಿ’ ಅಂದರೆ ಕೊಡೋದು ಮಿಶ್ರಣವನ್ನೇ. ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51% ಇರಲೇಬೇಕು. ಅಂದರೆ ಕೆಫೀನ್ ಇದ್ದೇ ಇರುತ್ತದೆ. ‘ಕಾಫಿ ಬೇಡ, ಬರೀ ಚಿಕೋರಿ’ ಅಂತಲೇ ಕೇಳಿ. ವಿಚಿತ್ರ ನೋಡಿ, ಕಾಫಿ ನಮ್ಮ ಚಿಕ್ಕಮಗಳೂರು, ಕೊಡಗಿನಿಂದ ಬಂದರೆ ಈ ಬೇರನ್ನು ಬೆಳೆಯೋದು ಹೆಚ್ಚಾಗಿ ಗುಜರಾತ್, ಉತ್ತರ ಪ್ರದೇಶದಲ್ಲಿ.

ರುಚಿ ಕಾಫಿಯದ್ದೇ ಅಂತ ಸುಳ್ಳು ಹೇಳಲ್ಲ. ಬಣ್ಣ ಅದೇ, ಸುಟ್ಟ ಸಕ್ಕರೆಯ ವಾಸನೆ, ಹಿಂದೆ ಒಂಚೂರು ಕಹಿ. ಕಾಫಿಯ ಆ ಹುಳಿ ಇರಲ್ಲ, ಕಿಕ್ಕಂತೂ ಇಲ್ಲವೇ ಇಲ್ಲ.

ಮೊದಲ ವಾರ ದಿನಕ್ಕೆ ಒಂದೇ ಲೋಟ ಕುಡಿಯಿರಿ. ಇದರಲ್ಲಿ ಇನ್ಯುಲಿನ್ ಅನ್ನೋ ನಾರು ಇದೆ, ಜಾಸ್ತಿಯಾದರೆ ಹೊಟ್ಟೆ ಉಬ್ಬರಿಸುತ್ತದೆ. ಚಿಕೋರಿ ಸೇವಂತಿಗೆಯ ಕುಟುಂಬದ್ದು, ಆ ಜಾತಿಯ ಹೂವು ಅಲರ್ಜಿಯಾಗುವವರು ಮುಟ್ಟದಿರೋದೇ ಒಳ್ಳೆಯದು. ನಾನು ಮೊದಲ ದಿನವೇ ಮೂರು ಲೋಟ ಕುಡಿದು, ಮಾರನೇ ದಿನ ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಹೊಟ್ಟೆ ಹಿಡಿದುಕೊಂಡೇ ನಿಂತಿದ್ದೆ.