“ಕ್ಲಾಸಲ್ಲಿ ಕೂತರೂ ಏನೂ ತಲೆಗೆ ಹೋಗ್ತಿಲ್ಲ, ಮೇಡಂ”

ವಯಸ್ಸು 23. ಯೂರೋಪಿನ ಒಂದು ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಓದು. ಪದವಿಯಲ್ಲಿ ಒಳ್ಳೆಯ ಅಂಕ, ಇಂಗ್ಲಿಷ್ ಪರೀಕ್ಷೆಯಲ್ಲೂ ಒಳ್ಳೆಯ ಸ್ಕೋರ್. ವೀಸಾ ತಡವಾಗಿ, ಹೊಸಬರಿಗೆ ಅಲ್ಲಿನ ರೀತಿ ತಿಳಿಸಿಕೊಡುವ ಓರಿಯೆಂಟೇಶನ್ ವಾರ ತಪ್ಪಿಹೋಗಿತ್ತು. ಹೋಗಿ ಇಳಿದವನೇ ಸೀದಾ ಕ್ಲಾಸಿಗೆ. ಸಲಹೆಗಾಗಿ ವಿಡಿಯೋ ಕರೆಯಲ್ಲಿ ನನ್ನ ಜೊತೆ ಮಾತಾಡುವ ಹೊತ್ತಿಗೆ ಎರಡು ವಿಷಯಗಳ ಕ್ಲಾಸಿಗೆ ಹೋಗುವುದನ್ನೇ ಬಿಟ್ಟಿದ್ದ. ಗುರುತು ಸಿಗಬಾರದೆಂದು ದೇಶ, ಕೋರ್ಸು ಎರಡನ್ನೂ ಇಲ್ಲಿ ಹೇಳಿಲ್ಲ.

“ನಾನು ಇಲ್ಲಿಗೆ ಲಾಯಕ್ಕಿಲ್ಲ ಮೇಡಂ. ಎಲ್ಲರಿಗೂ ಅರ್ಥ ಆಗುತ್ತೆ, ನನಗೊಬ್ಬನಿಗೇ ಇಲ್ಲ.”

ಇಂಥ ಮಾತಿಗೆ ‘ಹಾಗೇನಿಲ್ಲ, ಧೈರ್ಯವಾಗಿರಿ’ ಅನ್ನೋದು ಸುಲಭ. ಪ್ರಯೋಜನ ಮಾತ್ರ ಕಡಿಮೆ. ‘ಏನೂ ಅರ್ಥವಾಗಲ್ಲ’ ಅನ್ನುವುದರ ಒಳಗೆ ಏನೇನಿದೆ ಅಂತ ಮೊದಲು ಬಿಡಿಸಿ ನೋಡಬೇಕು. ನೋಟ್‌ಬುಕ್ ತೋರಿಸಿ ಎಂದೆ. ಕ್ಯಾಮೆರಾಗೆ ಹಿಡಿದ. ಮೇಲಿನ ಕಾಲು ಪುಟ ಅಚ್ಚುಕಟ್ಟಾಗಿತ್ತು, ತಲೆಬರಹದ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಿದ್ದ. ಆಮೇಲೆ ಸಾಲುಗಳು ನಡುವೆಯೇ ತುಂಡಾಗಿದ್ದವು. ಒಂದು ಕಡೆ ‘ಆದ್ದರಿಂದ’ ಎಂದು ಬರೆದು ಮುಂದೆ ಖಾಲಿ. ಪುಟದ ಕೊನೆಯಲ್ಲಿ ಬರೀ ಸ್ಲೈಡ್ ನಂಬರುಗಳು: 14, 15, 17.

“16 ಎಲ್ಲಿ?”

“ಅದು ಯಾವಾಗ ಬಂದು ಹೋಯ್ತೋ ಗೊತ್ತೇ ಆಗಲಿಲ್ಲ.”

ಈಗ ಅದೇ ಸ್ಲೈಡ್ ತೆಗೆದು ನನಗೆ ವಿವರಿಸಿ ಎಂದೆ. ಸ್ವಲ್ಪ ಹೊತ್ತು ಓದಿಕೊಂಡ. ಆಮೇಲೆ ಆ ವಿಷಯದ ಗಂಧ ಗಾಳಿಯೂ ಇಲ್ಲದ ನನಗೂ ತಿಳಿಯುವ ಹಾಗೆ ಹೇಳಿದ! ಅಂದರೆ ಪಾಠ ಅವನ ಕೈಮೀರಿದ್ದಲ್ಲ. ಪರಿಚಯವಿಲ್ಲದ ಉಚ್ಚಾರಣೆ ಕೇಳುತ್ತಾ, ಅರ್ಥ ಮಾಡಿಕೊಳ್ಳುತ್ತಾ, ಬರೆಯುತ್ತಾ ಹೋಗುವುದು ಆಗುತ್ತಿರಲಿಲ್ಲ. ಭಾಷಾ ಪರೀಕ್ಷೆಯ ಆಡಿಯೋದಲ್ಲಿ ಯಾರೂ ಬೋರ್ಡಿಗೆ ಮುಖ ಮಾಡಿ ಮಾತಾಡುವುದಿಲ್ಲ, ವಾಕ್ಯ ಅರ್ಧಕ್ಕೆ ಬಿಟ್ಟು ಜೋಕು ಮಾಡುವುದಿಲ್ಲ. ಕ್ಲಾಸಿನಲ್ಲಿ ಎಲ್ಲವೂ ನಡೆಯುತ್ತದೆ. ಮುಕ್ಕಾಲು ಗಂಟೆಗೆ ತಲೆ ಸುಸ್ತಾಗುತ್ತದೆ. ಅದನ್ನು ಅವನು ದಡ್ಡತನ ಅಂದುಕೊಂಡಿದ್ದ.

ಇನ್ನೊಂದು ತೊಡಕು ವೇಳಾಪಟ್ಟಿಯಲ್ಲಿತ್ತು. ವಾರಕ್ಕೆ ಕೆಲವೇ ಗಂಟೆ ಕ್ಲಾಸು, ಉಳಿದದ್ದು ಬಿಡುವು ಅಂತ ಅವನ ಲೆಕ್ಕ. ಯೂರೋಪಿನ ಕ್ರೆಡಿಟ್ ಪದ್ಧತಿ, ಅಂದರೆ ಇಸಿಟಿಎಸ್‌ನಲ್ಲಿ, ಪೂರ್ಣಾವಧಿ ಓದಿಗೆ ವರ್ಷಕ್ಕೆ 60 ಕ್ರೆಡಿಟ್. ಒಂದು ಕ್ರೆಡಿಟ್‌ಗೆ ಸಾಮಾನ್ಯವಾಗಿ 25ರಿಂದ 30 ಗಂಟೆ ಕೆಲಸ. 5 ಕ್ರೆಡಿಟ್‌ನ ಒಂದು ವಿಷಯ ಅಂದರೆ 125ರಿಂದ 150 ಗಂಟೆ. ಕ್ಲಾಸಲ್ಲಿ ಕೂರುವುದು ಅದರಲ್ಲಿ ಒಂದು ಪಾಲು ಅಷ್ಟೇ. ಮಿಕ್ಕದ್ದು ಓದಿಕೊಂಡು ಹೋಗುವುದು, ಬರೆಯುವುದು. ಪಕ್ಕದವರಿಗೆ ಎಲ್ಲಾ ಅರ್ಥವಾಗುತ್ತಿದೆ ಅನ್ನಿಸಿದ್ದು ಸುಮ್ನೆ ಅಲ್ಲ. ಅವರು ಮೊದಲೇ ಓದಿಕೊಂಡು ಬರುತ್ತಿದ್ದರು. ಹಾಗೆ ಮಾಡಬೇಕು ಅಂತ ಇವನಿಗೆ ಯಾರೂ ಹೇಳಿರಲಿಲ್ಲ. ಹೇಳುವ ವಾರ ಇವನು ವೀಸಾ ಕಾಯುತ್ತಾ ಮನೆಯಲ್ಲಿದ್ದ.

‘ಕಲ್ಚರ್ ಶಾಕ್’ ಅನ್ನುವ ಮಾತನ್ನು ಹೆಚ್ಚು ಬಳಕೆಗೆ ತಂದ ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1960ರ ಲೇಖನದಲ್ಲಿ ಇದರ ಮೂಲ ಹೇಳಿದ್ದಾರೆ: ದಿನನಿತ್ಯ ನಮಗೆ ದಾರಿ ತೋರಿಸುವ ಪರಿಚಿತ ಸೂಚನೆಗಳೆಲ್ಲ ಒಮ್ಮೆಲೇ ಕಳೆದುಹೋದಾಗ ಹುಟ್ಟುವ ಆತಂಕ. ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು, ಮೇಷ್ಟ್ರನ್ನು ಏನಂತ ಕರೆಯಬೇಕು. ಈ ಕೊನೆಯದು ಚಿಕ್ಕದು ಅನ್ನಿಸಬಹುದು. ಪ್ರಾಧ್ಯಾಪಕರನ್ನು ಹೆಸರು ಹಿಡಿದು ಕರೆಯಲು ಬಾಯಿ ಬರದೆ ಈ ಹುಡುಗ ಪ್ರಶ್ನೆಯನ್ನೇ ಕೇಳದೆ ಬಂದಿದ್ದ.

ನಾನು ಹೇಳಿದ್ದು ಇಷ್ಟು. ಸ್ಲೈಡ್ ಮೊದಲೇ ಸಿಗುವುದಾದರೆ ಹಿಂದಿನ ದಿನ ಒಮ್ಮೆ ಓದಿಕೊಳ್ಳಿ, ಹೊಸ ಪದಗಳನ್ನು ಗುರುತು ಹಾಕಿ. ಪದ ಗೊತ್ತಿದ್ದರೆ ಕಿವಿ ತಾನಾಗಿ ಹಿಡಿಯುತ್ತದೆ. ಕ್ಲಾಸಲ್ಲಿ ಎಲ್ಲವನ್ನೂ ಬರೆಯಬೇಡಿ. ತಪ್ಪಿಹೋದ ಕಡೆ ಸ್ಲೈಡ್ ನಂಬರು, ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗಿ. ರೆಕಾರ್ಡ್ ಮಾಡಬೇಕಿದ್ದರೆ ಕೇಳಿಯೇ ಮಾಡಿ. ಚರ್ಚೆಯ ಕ್ಲಾಸಿಗೆ ಒಂದು ಪ್ರಶ್ನೆ ಬರೆದುಕೊಂಡು ಹೋಗಿ, ಶುರುವಿನಲ್ಲೇ ಕೇಳಿಬಿಡಿ. ಕಾದಷ್ಟೂ ಗಂಟಲು ಕಟ್ಟುತ್ತದೆ. ವಾಕ್ಯವನ್ನು ತಲೆಯಲ್ಲಿ ತಿದ್ದಿ ತೀಡುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿರುತ್ತದೆ. ಮೇಷ್ಟ್ರನ್ನು ಕರೆಯುವ ಬಗ್ಗೆ: ಶುರುವಿಗೆ ‘ಪ್ರೊಫೆಸರ್’ ಸಾಕು, ಮೇಲ್‌ಗೆ ಉತ್ತರ ಬಂದಾಗ ಕೊನೆಯಲ್ಲಿ ಅವರು ಹೆಸರು ಹೇಗೆ ಹಾಕಿದ್ದಾರೆ ನೋಡಿ.

“ಎರಡು ವಿಷಯ ಕೈಬಿಟ್ಟರೆ?” ಎಂದ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳದೆ ಯಾವ ವಿಷಯವನ್ನೂ ಬಿಡಬೇಡಿ. ಕ್ರೆಡಿಟ್ ಕಡಿಮೆಯಾದರೆ ವೀಸಾಕ್ಕೂ ತೊಂದರೆ ಆಗಬಹುದು. ವಿಷಯ ಬದಲಿಸಲು ಕೊನೆಯ ದಿನಾಂಕ ಇದ್ದರೆ ಅದನ್ನು ಇವತ್ತೇ ತಿಳಿದುಕೊಳ್ಳಿ. ಓದು ಬಿಟ್ಟು ವಾಪಸ್ ಹೋಗುವ ತೀರ್ಮಾನವನ್ನಂತೂ ನಿದ್ದೆಗೆಟ್ಟ ಮೊದಲ ವಾರಗಳಲ್ಲಿ ಮಾಡಲೇಬೇಡಿ.

ಮನೆಯವರಿಗೆ ದಿನಾ ‘ಎಲ್ಲಾ ಸೂಪರ್’ ಅನ್ನುತ್ತಿದ್ದನಂತೆ. ಹೇಳಿದರೆ ಅಮ್ಮ ಗಾಬರಿಯಾಗ್ತಾರೆ ಅಂತ. ಇರಲಿ, ಪೂರ್ತಿ ಕಥೆ ಬೇಡ. ‘ಪಾಠದ ವೇಗಕ್ಕೆ ಇನ್ನೂ ಒಗ್ಗಿಲ್ಲ’ ಅನ್ನುವಷ್ಟಾದರೂ ಹೇಳಬಹುದು ಅಲ್ವಾ? ಸುಳ್ಳನ್ನು ದಿನಾ ಕಾಪಾಡುವುದೂ ಒಂದು ದುಡಿಮೆಯೇ.

ಊಟ, ನಿದ್ದೆ, ಸಾಯುವ ಯೋಚನೆ, ಇವನ್ನೂ ನೇರವಾಗಿ ಕೇಳಿದೆ. ನಿದ್ದೆ ಕೆಟ್ಟಿತ್ತು. ಊಟಕ್ಕೆ ತೊಂದರೆ ಇರಲಿಲ್ಲ, ಸಾಯುವ ಯೋಚನೆಯೂ ಇರಲಿಲ್ಲ. ಅಂಥ ಯೋಚನೆ ಇದ್ದಿದ್ದರೆ ನನ್ನ ಸಲಹೆ ಬೇರೆಯೇ ಆಗುತ್ತಿತ್ತು: ಅದೇ ದಿನ ಕ್ಯಾಂಪಸ್ಸಿನ ಆಪ್ತಸಲಹಾ ಕೇಂದ್ರ ಅಥವಾ ವೈದ್ಯರು. ತುರ್ತು ಎನಿಸಿದರೆ ಯೂರೋಪಿಯನ್ ಒಕ್ಕೂಟದ ಎಲ್ಲ ದೇಶಗಳಲ್ಲೂ 112ಕ್ಕೆ ಫೋನ್ ಮಾಡಬಹುದು.

ಮುಂದಿನ ಮಾತುಕತೆಯ ಹೊತ್ತಿಗೆ ಬಿಟ್ಟಿದ್ದ ಎರಡರಲ್ಲಿ ಒಂದು ಕ್ಲಾಸಿಗೆ ಮತ್ತೆ ಹೋಗತೊಡಗಿದ್ದ. ಇನ್ನೊಂದನ್ನು ಕಚೇರಿಯಲ್ಲಿ ಕೇಳಿ ಬದಲಿಸಿಕೊಂಡಿದ್ದ. ಮೊದಲ ಅಸೈನ್‌ಮೆಂಟಿಗೆ ಬಂದ ಅಂಕ ಸಾಧಾರಣ. ಒಬ್ಬ ಪ್ರಾಧ್ಯಾಪಕರ ಉಚ್ಚಾರಣೆ ಈಗಲೂ ಅರ್ಧಂಬರ್ಧ ತಿಳಿಯುತ್ತದಂತೆ. ಅವರ ಕ್ಲಾಸಿನಲ್ಲಿ ಮುಂದಿನ ಸಾಲಿಗೆ ಬಂದು ಕೂರುತ್ತಿದ್ದಾನೆ.